ನಿಷೇಧದ ದಿನಗಳಲ್ಲಿ ಕಡಲಿಗೆ ಹೋದ ಬೋಟು

ಪ್ರಶ್ನೆ: ಅಕ್ಕ, ನಾನು ಮಲ್ಪೆಯಲ್ಲಿ ಎರಡು ಟ್ರಾಲ್ ಬೋಟುಗಳ ಲೆಕ್ಕ ಬರೆಯುತ್ತೇನೆ. ಟ್ರಿಪ್ ಹೊರಟ ತಾರೀಖು, ಡೀಸೆಲ್, ಐಸು, ಮೀನು ಮಾರಿದ ಹಣ, ಎಲ್ಲ ಎಕ್ಸೆಲ್‌ನಲ್ಲಿದೆ. ಪೈಥಾನ್ ಕಲಿತು ತಿಂಗಳ ಲೆಕ್ಕ ತೆಗೆಯುವ ಸಣ್ಣ ಪ್ರೋಗ್ರಾಂ ಬರೆದೆ. ಅದು ಜೂನ್, ಜುಲೈಯಲ್ಲೂ ಟ್ರಿಪ್ ಆಗಿದೆ ಅಂತ ತೋರಿಸುತ್ತಿದೆ. ಆಗ ಬೋಟು ದಡದಲ್ಲೇ ಇತ್ತು! ಇನ್ನು ಕೆಲವು ಸಾಲುಗಳಲ್ಲಿ ತಾರೀಖೇ ಇಲ್ಲ ಅಂತ ಎರರ್ ಬರುತ್ತದೆ. ಎಕ್ಸೆಲ್ ತೆರೆದು ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ನನ್ನ ಕೋಡ್ ತಪ್ಪಾ?
— ಓದುಗ, ಮಲ್ಪೆ

ಉತ್ತರ: ನಿಮ್ಮ ಕೋಡ್ ತಪ್ಪಿಲ್ಲ. ಶೀಟ್‌ನಲ್ಲಿ ಏನಿದೆಯೋ ಅದನ್ನೇ ಅದು ಓದುತ್ತಿದೆ. ನಿಮ್ಮ ಪುಣ್ಯಕ್ಕೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇದೆ. ಅದಿಲ್ಲದಿದ್ದರೆ ಈ ತಪ್ಪು ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಮೊದಲು ಎಕ್ಸೆಲ್ ತಾರೀಖನ್ನು ಹೇಗೆ ಇಟ್ಟುಕೊಳ್ಳುತ್ತದೆ ನೋಡೋಣ. ಅದರ ಹೊಟ್ಟೆಯಲ್ಲಿ ತಾರೀಖು ಅಂತ ಬೇರೆ ಪದಾರ್ಥ ಇಲ್ಲ. ಇರುವುದು ಬರೀ ಸಂಖ್ಯೆ. 1900ರ ಜನವರಿ 1ಕ್ಕೆ 1 ಅಂತ ಹಿಡಿದು ದಿನ ಎಣಿಸುತ್ತಾ ಬಂದಿದೆ. 2023ರ ಸೆಪ್ಟೆಂಬರ್ 6 ಅಂದರೆ ಅದಕ್ಕೆ 45175. ಆ ಸಂಖ್ಯೆಯನ್ನು ತಾರೀಖಿನ ಹಾಗೆ ತೋರಿಸು ಅಂತ ಹೇಳುವುದು ಸೆಲ್‌ನ ಫಾರ್ಮ್ಯಾಟ್. ಪೈಥಾನ್‌ನಲ್ಲಿ ಶೀಟ್ ಓದುವ ಓಪನ್‌ಪೈಎಕ್ಸ್‌ಎಲ್ ಕೂಡ ಆ ಫಾರ್ಮ್ಯಾಟ್ ನೋಡಿಯೇ ಇದು ತಾರೀಖು ಅಂತ ತೀರ್ಮಾನ ಮಾಡುತ್ತದೆ.

ಈಗ ನಿಮ್ಮ ಕಂಪ್ಯೂಟರ್‌ಗೆ ಬನ್ನಿ. ಅದರ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿಯೇ ಉಳಿದಿದೆ ಅಂತ ನನಗೆ ಬಹಳ ಮಟ್ಟಿಗೆ ಖಾತ್ರಿ. ಹೊಸ ಕಂಪ್ಯೂಟರ್ ತಂದವರು ಸಾಮಾನ್ಯವಾಗಿ ಅದನ್ನು ಮುಟ್ಟುವುದಿಲ್ಲ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಆಮೇಲೆ ದಿನ. ನೀವು ಸೆಪ್ಟೆಂಬರ್ 6 ಅಂತ ಮನಸ್ಸಿನಲ್ಲಿಟ್ಟುಕೊಂಡು 6/9/2023 ಹೊಡೆದಿರಿ. ಎಕ್ಸೆಲ್ ಅದನ್ನು ಜೂನ್ 9 ಅಂತ ತಿಳಿದು 45086 ಇಟ್ಟುಕೊಂಡಿತು. ಆದರೆ ಪರದೆ ಮೇಲೆ ತೋರಿಸುವುದು ಮತ್ತೆ 6/9/2023 ಅಂತಲೇ. ನೀವು ಹೊಡೆದದ್ದೇ ನಿಮಗೆ ಕಂಡಿತು, ಸಂಶಯ ಬರಲು ಕಾರಣವೇ ಇಲ್ಲ. ಸೆಪ್ಟೆಂಬರ್ 16ರ ಟ್ರಿಪ್‌ಗೆ 16/9/2023 ಹೊಡೆದಾಗ ಮಾತ್ರ ಅದಕ್ಕೆ ದಿಕ್ಕು ತೋಚಲಿಲ್ಲ. 16ನೇ ತಿಂಗಳು ಎಲ್ಲಿದೆ? ಹಾಗಾಗಿ ಅದನ್ನು ಸುಮ್ನೆ ಅಕ್ಷರವಾಗಿ ಇಟ್ಟುಬಿಟ್ಟಿತು. ನಿಮಗೆ ಎರರ್ ಕೊಟ್ಟ ಸಾಲುಗಳು ಇವೇ.

ಜೂನ್, ಜುಲೈಗೆ ಹೋಗಿ ಕೂತ ಟ್ರಿಪ್‌ಗಳನ್ನು ನಿಮ್ಮ ಕಾಗದದ ಪುಸ್ತಕದಲ್ಲಿ ಹುಡುಕಿ. ಅವೆಲ್ಲ ಬೇರೆ ಬೇರೆ ತಿಂಗಳ 6 ಮತ್ತು 7ನೇ ತಾರೀಖು ಹೊರಟವೇ ಆಗಿರುತ್ತವೆ. ಹಾಗಂತ ಆ ಎರಡು ತಿಂಗಳನ್ನು ಮಾತ್ರ ತಿದ್ದಿ ಕೈತೊಳೆದುಕೊಳ್ಳಬೇಡಿ. ಡಿಸೆಂಬರ್ 10ರ ಟ್ರಿಪ್ ಅಕ್ಟೋಬರ್ 12ಕ್ಕೆ ಹೋಗಿದೆ. ಅಕ್ಟೋಬರ್‌ನಲ್ಲಿ ಬೋಟು ಹೋಗುವುದು ಸಹಜ ಅಲ್ವಾ, ಹಾಗಾಗಿ ಅದು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಭಯ ಇರುವುದು ಇಂಥ ಸಾಲುಗಳ ಬಗ್ಗೆಯೇ. ಎರರ್ ಕೊಟ್ಟ ಸಾಲು ನಮ್ಮನ್ನು ಕರೆದು ಹೇಳುತ್ತದೆ. ಇದು ಹೇಳುವುದಿಲ್ಲ.

ಹಿಂದೆ ಮಂಗಳೂರಿನ ಒಂದು ಕಚೇರಿಗೆ ಸಾಲದ ಕಂತಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಎರರ್ ಬಂದ ಸಾಲುಗಳನ್ನೆಲ್ಲ ಕೂತು ಸರಿಮಾಡಿದೆ, ಕೆಲಸ ಮುಗಿಯಿತು ಅಂದುಕೊಂಡೆ. ಒಂದು ದಿನ ಬೀಡಿ ಕಟ್ಟುವ ಹೆಂಗಸೊಬ್ಬರು ರಶೀದಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಂದರು. ಆಗಸ್ಟ್ 3ಕ್ಕೆ ಕಟ್ಟಬೇಕಾದ ಕಂತನ್ನು ಆಗಸ್ಟ್ 2ಕ್ಕೇ ಕಟ್ಟಿದ್ದರು. ಪ್ರೋಗ್ರಾಂ ಗಡುವನ್ನು ಮಾರ್ಚ್ 8 ಅಂತ ಓದಿ ಸುಮಾರು ಐದು ತಿಂಗಳ ದಂಡ ಹಾಕಿತ್ತು. ಅವರು ಜಗಳ ಮಾಡಲಿಲ್ಲ. "ಒಂದು ದಿನ ಮೊದಲೇ ಬಂದಿದ್ದೆನಲ್ಲಮ್ಮ" ಅಂದರು, ಅಷ್ಟೆ. ದಂಡದ ಹಣ ವಾಪಸ್ ಕೊಡಿಸಿದೆ. ಆವತ್ತಿನಿಂದ ಬೇರೆಯವರ ಶೀಟ್ ಕೈಗೆ ಬಂದರೆ ಕೋಡ್ ಬರೆಯುವ ಮೊದಲು ತಾರೀಖಿನ ಕಾಲಮ್ ಒಂದನ್ನೇ ಪೂರ್ತಿ ನೋಡುತ್ತೇನೆ.

ನೀವೂ ಹಾಗೇ ಮಾಡಿ. ಆ ಕಾಲಮ್‌ನ ಅಲೈನ್‌ಮೆಂಟ್ ಯಾರೂ ಬದಲಿಸಿಲ್ಲದಿದ್ದರೆ, ತಾರೀಖಾಗಿ ಕೂತದ್ದು ಸೆಲ್‌ನ ಬಲಕ್ಕೆ ಅಂಟಿಕೊಂಡಿರುತ್ತದೆ, ಅಕ್ಷರವಾಗಿ ಕೂತದ್ದು ಎಡಕ್ಕೆ. ಕಣ್ಣಿಗೇ ಕಾಣುತ್ತದೆ. ಪೈಥಾನ್‌ನಲ್ಲಾದರೆ ಪ್ರತಿ ಸೆಲ್‌ನ ಡೇಟಾ ಟೈಪ್ ಕೇಳಿ: 'ಡಿ' ಬಂದರೆ ತಾರೀಖು, 'ಎಸ್' ಬಂದರೆ ಅಕ್ಷರ, 'ಎನ್' ಬಂದರೆ ಬರೀ ಸಂಖ್ಯೆ. ಪೈಥಾನ್‌ನ ಇನ್ನೊಂದು ಲೈಬ್ರರಿ ಪಾಂಡಾಸ್‌ನಲ್ಲಿ ದಿನ ಮೊದಲು ಅಂತ ಹೇಳುವ 'ಡೇಫರ್ಸ್ಟ್' ಇದೆಯಲ್ಲ, ಅದು ಅಕ್ಷರವಾಗಿ ಉಳಿದ ಸೆಲ್‌ಗಳಿಗೆ ಮಾತ್ರ ಕೆಲಸ ಮಾಡುತ್ತದೆ. ಆಗಲೇ ತಿರುಚಿಕೊಂಡು ಸಂಖ್ಯೆಯಾದ ಸೆಲ್‌ಗೆ ಅದರಿಂದ ಏನೂ ಆಗುವುದಿಲ್ಲ. ಆ ಸೆಲ್‌ಗಳಲ್ಲಿ ದಿನ ಮತ್ತು ತಿಂಗಳನ್ನು ನೀವೇ ಅದಲುಬದಲು ಮಾಡಬೇಕು.

ಆದರೆ ಅದಲುಬದಲು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಇದು ಯಾವತ್ತೂ ನನ್ನ ಕೈಬಿಟ್ಟಿಲ್ಲ. ಸೆಟ್ಟಿಂಗ್ ತಪ್ಪಿದ್ದ ಕಂಪ್ಯೂಟರ್‌ನಲ್ಲಿ ಹೊಡೆದ ಸಾಲಾದರೆ, ತಾರೀಖಾಗಿ ಕೂತ ಯಾವ ಸೆಲ್‌ನಲ್ಲೂ ದಿನ 12 ದಾಟಿರಲು ಸಾಧ್ಯವಿಲ್ಲ, ಯಾಕಂದರೆ ಆ ಜಾಗದಲ್ಲಿ ಕೂತದ್ದು ನಿಮ್ಮ ತಿಂಗಳು. ಎಲ್ಲಾದರೂ 13, 20, 28 ಅಂತ ಕಂಡರೆ ಆ ಸಾಲು ಸೆಟ್ಟಿಂಗ್ ಸರಿ ಇದ್ದ ಇನ್ನೊಂದು ಕಂಪ್ಯೂಟರ್‌ನಲ್ಲಿ ಹೊಡೆದದ್ದು. ಮನೆಯಲ್ಲಿ ಮಗಳೋ, ಬೋಟಿನ ಪಾಲುದಾರರೋ ಕೂತು ಹೊಡೆದಿರಬಹುದು. ಅಂಥ ಸಾಲುಗಳು ಬೆರೆತಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿ ಇದ್ದದ್ದೂ ಕೆಡುತ್ತದೆ. ಆಗ ಕಾಗದದ ಪುಸ್ತಕವೇ ಗತಿ. ಟ್ರಿಪ್‌ಗಳನ್ನು ನೀವು ಒಂದರ ಕೆಳಗೆ ಒಂದು ಬರೆದಿರುತ್ತೀರಿ, ಹಾಗಾಗಿ ಒಂದೊಂದು ಬೋಟಿಗೆ ತಾರೀಖು ಕೆಳಗೆ ಹೋದ ಹಾಗೆ ಮುಂದೆಯೇ ಹೋಗಬೇಕು. ಹಿಂದಕ್ಕೆ ಹಾರಿದ ಕಡೆ ಗುರುತು ಹಾಕಿ ಪುಸ್ತಕ ತೆರೆಯಿರಿ.

ಅಕ್ಷರವಾದ ಸೆಲ್‌ಗಳ ಫಾರ್ಮ್ಯಾಟ್ ಬದಲಿಸಿದರೆ ತಾರೀಖಾಗುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಆಗುವುದಿಲ್ಲ. ಎಕ್ಸೆಲ್‌ನ 'ಟೆಕ್ಸ್ಟ್ ಟು ಕಾಲಮ್ಸ್'ನಲ್ಲಿ ದಿನ-ತಿಂಗಳು-ವರ್ಷ ಅನ್ನುವ 'ಡಿಎಂವೈ' ಆರಿಸಿದರೆ ಆಗುತ್ತದೆ. ಆದರೆ ಅಕ್ಷರವಾದ ಸಾಲುಗಳನ್ನು ಮಾತ್ರ ಆರಿಸಿಕೊಂಡು ಮಾಡಿ.

ಮುಂದಕ್ಕೆ ರೀಜನ್ ಅನ್ನು ಇಂಡಿಯಾ ಮಾಡಿ. ಅದಕ್ಕಿಂತ ಗಟ್ಟಿ ಉಪಾಯ, ತಿಂಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುವುದು: 6-ಸೆಪ್-2023. ಯಾವ ಸೆಟ್ಟಿಂಗ್ ಇದ್ದರೂ ಅದು ಜೂನ್ ಆಗುವುದಿಲ್ಲ. ಡೇಟಾ ವ್ಯಾಲಿಡೇಶನ್‌ನಲ್ಲಿ ಆಗಸ್ಟ್ 1ರಿಂದ ಮೇ 31ರೊಳಗಿನ ತಾರೀಖು ಮಾತ್ರ ಸ್ವೀಕರಿಸು ಅಂತಲೂ ಹಾಕಿಡಿ.

ಪ್ರಶ್ನೆ: ಮೇಡಂ, ಜಾವಾದಲ್ಲಿ ಅಪಾಚೆ ಪಿಒಐ ಬಳಸಿ ಶೀಟ್ ಓದುತ್ತಿದ್ದೇನೆ. ತಾರೀಖಿನ ಜಾಗದಲ್ಲಿ 45175.0 ಅಂತ ಬರುತ್ತಿದೆ. ಅದನ್ನು 1900ರ ಜನವರಿ 1ಕ್ಕೆ ನಾನೇ ಕೂಡಿಸಿದರೆ ಎರಡು ದಿನ ಜಾಸ್ತಿ ಬರುತ್ತದೆ.
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಉತ್ತರ: ಕೂಡಿಸುವ ಕೆಲಸ ನಿಮಗೆ ಬೇಡ. ಪಿಒಐಯಲ್ಲಿ ತಾರೀಖು ಅನ್ನುವ ಬೇರೆ ಸೆಲ್ ಟೈಪ್ ಇಲ್ಲ, ತಾರೀಖೂ ನ್ಯೂಮರಿಕ್ಕೇ. 'ಡೇಟ್‌ಯುಟಿಲ್'ನಲ್ಲಿ, ಈ ಸೆಲ್‌ಗೆ ತಾರೀಖಿನ ಫಾರ್ಮ್ಯಾಟ್ ಇದೆಯೇ ಅಂತ ಕೇಳುವ ಮೆಥಡ್ ಇದೆ. ಹೌದು ಅಂದರೆ ಸೆಲ್‌ನಿಂದ ನೇರವಾಗಿ ಲೋಕಲ್‌ಡೇಟ್‌ಟೈಮ್ ತೆಗೆದುಕೊಳ್ಳಿ.

ಎರಡು ದಿನ ಎಲ್ಲಿಂದ ಬಂತು ಅಂದಿರಲ್ಲ. ಒಂದು ದಿನ, ಎಣಿಕೆ 0ಯಿಂದಲ್ಲ, 1ರಿಂದ ಶುರುವಾಗುವುದಕ್ಕೆ. ಇನ್ನೊಂದು, 1900ರಲ್ಲಿ ಫೆಬ್ರವರಿ 29 ಇತ್ತು ಅಂತ ಎಕ್ಸೆಲ್ ಲೆಕ್ಕ ಹಾಕುವುದಕ್ಕೆ. 1900 ಅಧಿಕ ವರ್ಷ ಅಲ್ಲ, ನೂರರಿಂದ ಭಾಗವಾಗುವ ವರ್ಷ 400ರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ. ಮೊದಲು ಈ ತಪ್ಪು ಇದ್ದದ್ದು ಎಕ್ಸೆಲ್‌ಗಿಂತ ಹಳೆಯ ಸ್ಪ್ರೆಡ್‌ಶೀಟ್ ಲೋಟಸ್ 1-2-3ರಲ್ಲಿ. ಅದರ ಫೈಲ್‌ಗಳು ಇಲ್ಲೂ ಹೊಂದಿಕೊಳ್ಳಲಿ ಅಂತ ಎಕ್ಸೆಲ್ ಹಾಗೇ ಉಳಿಸಿಕೊಂಡಿತು. ಅದಕ್ಕೇ ಕೈಯಲ್ಲಿ ಲೆಕ್ಕ ಹಾಕುವವರು 1899ರ ಡಿಸೆಂಬರ್ 30ರಿಂದ ಎಣಿಸುತ್ತಾರೆ. ನಾಲ್ಕು ವರ್ಷ ಒಂದು ದಿನ ಹಿಂದೆ ಬಂತು ಅಂದರೆ ಮಾತ್ರ ಬೇರೆ ಕಾರಣ: ಹಳೆಯ ಮ್ಯಾಕ್‌ನ ಫೈಲ್ 1904ರಿಂದ ಎಣಿಸುತ್ತದೆ, ವ್ಯತ್ಯಾಸ 1462 ದಿನ.

ಪ್ರಶ್ನೆ: ತಾರೀಖಿನ ಸೆಲ್‌ನಲ್ಲಿ ಫಾರ್ಮುಲಾ ಇದೆ. ಓಪನ್‌ಪೈಎಕ್ಸ್‌ಎಲ್ ತಾರೀಖು ಕೊಡದೆ ಫಾರ್ಮುಲಾವನ್ನೇ ಕೊಡುತ್ತಿದೆ.
— ಓದುಗರು, ಬ್ರಹ್ಮಾವರ

ಉತ್ತರ: ಫೈಲ್ ತೆರೆಯುವಾಗ 'ಡೇಟಾ ಓನ್ಲಿ' ಟ್ರೂ ಅಂತ ಕೊಡಿ. ಆಗ ಎಕ್ಸೆಲ್ ಕೊನೆಯ ಸಲ ಲೆಕ್ಕ ಹಾಕಿ ಉಳಿಸಿದ ಉತ್ತರ ಸಿಗುತ್ತದೆ. ಅದೂ ಖಾಲಿ ಬಂದರೆ, ಪ್ರೋಗ್ರಾಂನಿಂದಲೇ ಬರೆದು ಎಕ್ಸೆಲ್‌ನಲ್ಲಿ ಒಮ್ಮೆಯೂ ತೆರೆಯದ ಫೈಲ್ ಇರಬೇಕು. ಒಂದು ಸಲ ತೆರೆದು ಸೇವ್ ಮಾಡಿ ಮತ್ತೆ ಓದಿಸಿ.