ಮ್ಯಾರಿನರ್ಸ್ ಜೊತೆ ಇಡೀ ಸೀಸನ್: ಯಾವ ಪಂದ್ಯ ಆಡಬೇಕು, ಯಾವುದನ್ನು ಬಿಡಬೇಕು

‘ಎಂಎಲ್‌ಬಿ ದಿ ಶೋ’ ಎಂಬ ಬೇಸ್‌ಬಾಲ್ ವಿಡಿಯೊ ಗೇಮ್‌ನ ಫ್ರಾಂಚೈಸ್ ಮೋಡ್‌ನಲ್ಲಿ, ಅಂದರೆ ಒಂದು ತಂಡವನ್ನು ಸೀಸನ್ ಪೂರ್ತಿ ನಡೆಸುವ ಆಟದಲ್ಲಿ, ಸಿಯಾಟಲ್ ಮ್ಯಾರಿನರ್ಸ್ ತಂಡವನ್ನು ಹಿಡಿದಿದ್ದೇನೆ, 162 ಪಂದ್ಯಗಳನ್ನೂ ಆಡುವಷ್ಟು ಸಮಯವಿಲ್ಲ, ಐದಕ್ಕೊಂದು ಆಡಿ ಉಳಿದದ್ದನ್ನು ಸಿಮ್ಯುಲೇಷನ್‌ಗೆ ಬಿಟ್ಟರೆ ಹೇಗೆ ಎಂದು ಕೇಳಿದ್ದೀರಿ. ಸಿಮ್ಯುಲೇಷನ್‌ಗೆ ಖಂಡಿತ ಬಿಡಿ. ಆದರೆ ಐದಕ್ಕೊಂದು ಎಂಬ ಲೆಕ್ಕ ಬೇಡ.

ಯಾಕೆಂದರೆ ಪಂದ್ಯದ ಆರಂಭದಿಂದ ಎಸೆಯುವ ಸ್ಟಾರ್ಟಿಂಗ್ ಪಿಚರ್‌ಗಳ ಸರದಿಯೂ ಐದು ಜನರದ್ದೇ. ಇವತ್ತು ಲೋಗನ್ ಗಿಲ್ಬರ್ಟ್ ಎಸೆದ, ಮುಂದಿನ ನಾಲ್ಕು ಪಂದ್ಯ ಕಂಪ್ಯೂಟರ್ ಆಡಿತು ಎಂದಿಟ್ಟುಕೊಳ್ಳಿ. ನೀವು ಮತ್ತೆ ಕಂಟ್ರೋಲರ್ ಹಿಡಿಯುವ ದಿನ ಬಹುತೇಕ ಗಿಲ್ಬರ್ಟ್‌ನದೇ ಸರದಿ ಬಂದಿರುತ್ತದೆ. ಮೂಲೆ ಬಿಟ್ಟು ಕದಲದ ಜಾರ್ಜ್ ಕರ್ಬಿಯ ಎಸೆತವನ್ನಾಗಲಿ, ಬ್ರಯಾನ್ ವೂನ ಫಾಸ್ಟ್‌ಬಾಲ್ ಅನ್ನಾಗಲಿ ಸೀಸನ್ ಮುಗಿಯುವವರೆಗೆ ನೀವು ಮುಟ್ಟುವುದೇ ಇಲ್ಲ. ಪಿಚಿಂಗ್‌ನಿಂದಲೇ ಹೆಸರು ಮಾಡಿರುವ ತಂಡವನ್ನು ಆರಿಸಿಕೊಂಡು ಹೀಗೆ ಆಡುವುದು ದೊಡ್ಡ ನಷ್ಟ.

ಬಿಡಿ ಪಂದ್ಯಗಳನ್ನು ಆರಿಸಬೇಡಿ, ಸರಣಿಗಳನ್ನು ಆರಿಸಿ. 2023ರಿಂದ ಪ್ರತಿ ತಂಡ ತನ್ನ ಡಿವಿಷನ್‌ನ (ಲೀಗ್‌ನೊಳಗಿನ ಐದು ತಂಡಗಳ ಗುಂಪು) ಉಳಿದ ನಾಲ್ಕು ತಂಡಗಳ ವಿರುದ್ಧ ತಲಾ 13 ಪಂದ್ಯಗಳನ್ನು ಆಡುತ್ತದೆ. ಆಸ್ಟ್ರೋಸ್, ರೇಂಜರ್ಸ್, ಏಂಜಲ್ಸ್, ಅಥ್ಲೆಟಿಕ್ಸ್ ಸೇರಿ ಒಟ್ಟು 52. ಈ 52ನ್ನು ಕೈಯಾರೆ ಆಡಿ. ಒಂದು ಪಂದ್ಯಕ್ಕೆ ಮುಕ್ಕಾಲು ಗಂಟೆ ಎಂದುಕೊಂಡರೆ ಇಡೀ ಸೀಸನ್‌ಗೆ 120 ಗಂಟೆಗೂ ಹೆಚ್ಚು ಬೇಕು. ಹೀಗೆ ಆಡಿದರೆ 39 ಗಂಟೆ ಸಾಕು. ಡಿವಿಷನ್ ಗೆಲ್ಲುವುದು ಸೋಲುವುದು ಈ ಪಂದ್ಯಗಳಲ್ಲೇ: ಇಲ್ಲಿ ನೀವು ಒಂದು ಗೆದ್ದರೆ ನೇರ ಎದುರಾಳಿ ಒಂದು ಸೋತಿರುತ್ತಾನೆ. ಲೀಗ್‌ನ ಈಗಿನ ನಿಯಮದಲ್ಲಿ ಎರಡು ತಂಡ ಸಮಬಲವಾದರೆ ಹೆಚ್ಚುವರಿ ಪಂದ್ಯವಿಲ್ಲ, ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶವನ್ನೇ ಮೊದಲು ನೋಡುತ್ತಾರೆ. ಅದೇ ಎದುರಾಳಿ ಮತ್ತೆ ಮತ್ತೆ ಬರುವುದರಿಂದ ಅವರ ಯಾವ ಬ್ಯಾಟರ್‌ಗೆ ಕೆಳಗೆ ಬೀಳುವ ಸ್ಲೈಡರ್ ಎಸೆತ ಆಗಿಬರುವುದಿಲ್ಲ ಎಂಬುದೂ ನಿಮಗೆ ಬಾಯಿಪಾಠವಾಗುತ್ತದೆ. ಗೇಮ್ ರುಚಿಸಲು ಶುರುವಾಗುವುದು ಅಲ್ಲಿಂದ.

ಸಿಮ್ಯುಲೇಷನ್ ಓಡಿಸುವಾಗ ಒಂದೇ ಏಟಿಗೆ ತಿಂಗಳು ಹಾರಬೇಡಿ. ನೀವು ಆಡಲಿರುವ ಸರಣಿಯ ಎರಡು ದಿನ ಮುಂಚೆ ನಿಲ್ಲಿಸಿ, ಬುಲ್‌ಪೆನ್, ಅಂದರೆ ಸ್ಟಾರ್ಟರ್ ನಂತರ ಎಸೆಯುವ ರಿಲೀವರ್‌ಗಳ ಪಟ್ಟಿ, ತೆರೆದು ನೋಡಿ. ಕೊನೆಯ ಇನಿಂಗ್ಸ್ ಎಸೆಯುವ ಆಂಡ್ರೆಸ್ ಮುನ್ಯೋಸ್ ಹಿಂದಿನ ಎರಡು ರಾತ್ರಿ ಎಸೆದು ದಣಿದಿದ್ದರೆ, ನಿಮ್ಮ ಪಂದ್ಯದ ಒಂಬತ್ತನೇ ಇನಿಂಗ್ಸ್‌ನಲ್ಲಿ ಅವನ ಫಾಸ್ಟ್‌ಬಾಲ್‌ಗೆ ಎಂದಿನ ಕಸುವಿರುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದು ದಿನ ಬೇರೊಬ್ಬನಿಗೆ ಕೊನೆಯ ಇನಿಂಗ್ಸ್ ಕೊಡಿ. ಕ್ಯಾಚರ್ ಕ್ಯಾಲ್ ರಾಲಿ ವಿಷಯವೂ ಹಾಗೆಯೇ. 2025ರಲ್ಲಿ 60 ಹೋಮ್‌ರನ್ ಹೊಡೆದವನನ್ನು ಕೂರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ದಿನವೂ ವಿಕೆಟ್‌ಕೀಪರ್‌ನಂತೆ ಕುಕ್ಕರಗಾಲಿನಲ್ಲಿ ಕೂರುವ ಕೆಲಸ ಅದು. ವಾರಕ್ಕೊಮ್ಮೆಯಾದರೂ ಡಿಎಚ್ ಸ್ಥಾನದಲ್ಲಿ (ಫೀಲ್ಡಿಂಗ್ ಇಲ್ಲದೆ ಬ್ಯಾಟಿಂಗ್ ಮಾತ್ರ) ಆಡಿಸಿದರೆ ಬ್ಯಾಟೂ ಉಳಿಯುತ್ತದೆ, ಮಂಡಿಯೂ ಉಳಿಯುತ್ತದೆ.

ರನ್ ಬರುತ್ತಿಲ್ಲ ಎಂದೂ ಬರೆದಿದ್ದೀರಿ. ನಿಮ್ಮ ತವರು ಮೈದಾನ ಟಿ-ಮೊಬೈಲ್ ಪಾರ್ಕ್, ಮೇಜರ್ ಲೀಗ್‌ನಲ್ಲಿ ರನ್ ಗಳಿಸಲು ಅತಿ ಕಷ್ಟವಾದ ಮೈದಾನಗಳಲ್ಲಿ ಒಂದು. ಸೆಂಟರ್‌ಫೀಲ್ಡ್ ಗೋಡೆ 401 ಅಡಿ ದೂರದಲ್ಲಿದೆ. ಅಲ್ಲಿ ಪ್ರತಿ ಎಸೆತಕ್ಕೂ ಪವರ್ ಸ್ವಿಂಗ್ ಒತ್ತಿದರೆ ಪಿಸಿಐ, ಅಂದರೆ ಬ್ಯಾಟ್ ತಾಗುವ ಜಾಗವನ್ನು ತೋರಿಸುವ ಆ ಗುರುತು, ಚಿಕ್ಕದಾಗುತ್ತದೆ. ಅಷ್ಟಾಗಿಯೂ ಚೆಂಡು ಫೀಲ್ಡರ್ ಕೈಗೇ ಹೋಗುತ್ತದೆ. ಸಾಮಾನ್ಯ ಸ್ವಿಂಗ್‌ನಲ್ಲೇ ಫೀಲ್ಡರ್‌ಗಳ ನಡುವಿನ ಖಾಲಿ ಜಾಗಕ್ಕೆ ಹೊಡೆಯಿರಿ. ಅದಕ್ಕಿಂತ ಮುಖ್ಯವಾಗಿ, ಹೊಡೆಯದೆ ಇರುವುದನ್ನು ಕಲಿಯಿರಿ. ಬಲಗೈ ಪಿಚರ್ ಎದುರು ರಾಲಿ ಎಡಗೈಯಲ್ಲಿ ನಿಂತಿದ್ದಾನೆ ಎನ್ನಿ. ಮೊದಲನೆಯದು ಹೊರಗೆ, ಕೆಳಗೆ ಜಾರುವ ಚೇಂಜ್‌ಅಪ್: ಬಿಡಿ, ಒಂದು ಬಾಲ್ (ಸ್ಟ್ರೈಕ್ ವಲಯದ ಹೊರಗಿನ ಎಸೆತ). ಎರಡನೆಯದು ಹೊರ ಅಂಚಿಗೆ ಮೊಣಕಾಲೆತ್ತರದ ಫಾಸ್ಟ್‌ಬಾಲ್: ಸ್ಟ್ರೈಕ್ ಆದರೂ ಬಿಡಿ, ಹೊಡೆದರೆ ಸುಮ್ಮನೆ ನೆಲಕ್ಕುರುಳುವ ಚೆಂಡು ಅದು. ಮೂರನೆಯದು ಮಣ್ಣಿಗೆ ಬೀಳುವ ಸ್ಪ್ಲಿಟರ್: ಎರಡು ಬಾಲ್, ಒಂದು ಸ್ಟ್ರೈಕ್. ಈಗ ಪಿಚರ್‌ಗೆ ಸ್ಟ್ರೈಕ್ ಬೇಕು. ಪಿಸಿಐಯನ್ನು ಒಳಬದಿಯ ಮೇಲಿನ ಮೂಲೆಯಲ್ಲಿ ಇಟ್ಟು, ಅಲ್ಲಿಗೆ ಫಾಸ್ಟ್‌ಬಾಲ್ ಬಂದರೆ ಮಾತ್ರ ಬೀಸಿ. ಬರದಿದ್ದರೆ ಅದನ್ನೂ ಬಿಡಿ. ಒಂಬತ್ತು ಜನ ಹೀಗೆ ಕಾಡಿದರೆ ಎದುರಾಳಿ ಸ್ಟಾರ್ಟರ್ ಐದನೇ ಇನಿಂಗ್ಸ್‌ಗೇ 90 ಎಸೆತ ದಾಟುತ್ತಾನೆ. ಆಮೇಲೆ ಬರುವ ಎರಡನೇ ದರ್ಜೆಯ ರಿಲೀವರ್‌ಗಳ ಮೇಲೆ ರನ್ ತಾನಾಗಿ ಬರುತ್ತದೆ.

ಕಷ್ಟದ ಮಟ್ಟ ಯಾವುದಿರಬೇಕು ಎಂಬುದನ್ನು ಗೆಲುವಿನಿಂದ ಅಳೆಯಬೇಡಿ. ಈಚಿನ ವರ್ಷಗಳ ಮೇಜರ್ ಲೀಗ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ ಸುಮಾರು ನಾಲ್ಕೂವರೆ ರನ್ ಗಳಿಸುತ್ತದೆ, ಎಂಟೂವರೆ ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗುತ್ತದೆ, ಮೂರು ವಾಕ್ (ನಾಲ್ಕು ಬಾಲ್ ಆದಾಗ ಸಿಗುವ ಮೊದಲ ಬೇಸ್) ಪಡೆಯುತ್ತದೆ. ಹತ್ತು ಪಂದ್ಯಗಳ ನಂತರ ನಿಮ್ಮ ಅಂಕಿಗಳನ್ನು ಇದರ ಪಕ್ಕದಲ್ಲಿಡಿ. ವಾಕ್ ಒಂದೂ ಇಲ್ಲದಿದ್ದರೆ ಆತುರಪಡುತ್ತಿದ್ದೀರಿ ಎಂದರ್ಥ, ಗೇಮ್‌ನ ಕಷ್ಟವನ್ನು ಹೆಚ್ಚು ಕಡಿಮೆ ಮಾಡುವ ಸ್ಲೈಡರ್ ಸೆಟ್ಟಿಂಗ್ ಮುಟ್ಟಬೇಡಿ. ಪ್ರತಿ ಪಂದ್ಯದಲ್ಲೂ ಹತ್ತು ರನ್ ಬರುತ್ತಿದ್ದರೆ ವೆಟರನ್‌ನಿಂದ ಆಲ್‌ಸ್ಟಾರ್ ಮಟ್ಟಕ್ಕೆ ಏರಿ. ಸೆಟ್ಟಿಂಗ್ ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ.

ಸೋತ ಪಂದ್ಯವನ್ನು ಹಳೆಯ ಸೇವ್‌ನಿಂದ ತೆರೆದು ಮತ್ತೆ ಆಡುವ ಅಭ್ಯಾಸ ಮಾತ್ರ ಬೇಡವೇ ಬೇಡ. 2001ರ ಮ್ಯಾರಿನರ್ಸ್ 116 ಪಂದ್ಯ ಗೆದ್ದಿತು, 1906ರ ಕಬ್ಸ್ ದಾಖಲೆಯನ್ನು ಸರಿಗಟ್ಟಿತು. ಅಂಥ ತಂಡವೂ 46 ಸೋತಿತ್ತು. ಸೋಲೇ ಇಲ್ಲದ ಸೀಸನ್‌ನಲ್ಲಿ ಸೆಪ್ಟೆಂಬರ್‌ನ ಎದೆಬಡಿತ ಎಲ್ಲಿಂದ ಬರಬೇಕು?

ಟ್ರೇಡ್‌ಗಳ ವಿಷಯದಲ್ಲೂ ನನ್ನದು ಇದೇ ನಿಲುವು. ಮೂರು ಸಾಧಾರಣ ಆಟಗಾರರನ್ನು ಕೊಟ್ಟು ಒಬ್ಬ ತಾರೆಯನ್ನು ಕಸಿದುಕೊಳ್ಳಲು ಕಂಪ್ಯೂಟರ್ ಕೆಲವೊಮ್ಮೆ ಒಪ್ಪಿಬಿಡುತ್ತದೆ. ಒಪ್ಪಿದರೂ ಮಾಡಬೇಡಿ. ಜುಲೈ ಕೊನೆಯವರೆಗೆ ಕಾಯಿರಿ, ನಿಜವಾಗಿ ಕೊರತೆಯಿರುವ ಒಂದು ಜಾಗಕ್ಕೆ ಒಬ್ಬನನ್ನು ತನ್ನಿ, ಹೆಚ್ಚೆಂದರೆ ಇಬ್ಬರನ್ನು. ತಂಡದ ತಾರೆ ಹುಲಿಯೋ ರೊಡ್ರಿಗಸ್‌ನನ್ನೂ ಯುವ ಪಿಚರ್‌ಗಳನ್ನೂ ಕೊಟ್ಟುಬಿಟ್ಟರೆ ಉಳಿಯುವುದು ಮ್ಯಾರಿನರ್ಸ್ ಸಮವಸ್ತ್ರ ಮಾತ್ರ.

ಈ ತಂಡಕ್ಕೂ ವಿಡಿಯೊ ಗೇಮ್‌ಗೂ ಹಳೆಯ ನಂಟಿದೆ, ಹೇಳದೆ ಇರಲಾರೆ. 1992ರಲ್ಲಿ ನಿಂಟೆಂಡೊ ಮುಖ್ಯಸ್ಥ ಹಿರೋಶಿ ಯಮೌಚಿ ಮುಂದೆ ನಿಂತು ತಂಡವನ್ನು ಕೊಂಡ ಬಳಗದಲ್ಲಿ ಇದ್ದರು. 1994ರಲ್ಲಿ ಇದೇ ತಂಡದ ಕೆನ್ ಗ್ರಿಫಿ ಜೂನಿಯರ್ ಹೆಸರಿನಲ್ಲೇ ಸೂಪರ್ ನಿಂಟೆಂಡೊಗೆ ಬೇಸ್‌ಬಾಲ್ ಗೇಮ್ ಬಂತು. ಇಷ್ಟೆಲ್ಲ ಇದ್ದೂ 1977ರಲ್ಲಿ ಶುರುವಾದ ಮ್ಯಾರಿನರ್ಸ್ 2025ರ ಕೊನೆಯವರೆಗೆ ಒಮ್ಮೆಯೂ ವರ್ಲ್ಡ್ ಸೀರೀಸ್, ಅಂದರೆ ಮೇಜರ್ ಲೀಗ್‌ನ ಅಂತಿಮ ಸರಣಿ, ಆಡಿಲ್ಲ. 2025ರಲ್ಲಿ ಅದಕ್ಕೆ ಮುಂಚಿನ ಅಮೆರಿಕನ್ ಲೀಗ್ ಫೈನಲ್ ಸರಣಿಯಲ್ಲಿ ಟೊರೊಂಟೊ ವಿರುದ್ಧ ಏಳನೇ ಪಂದ್ಯದವರೆಗೆ ಹೋಗಿ ಸೋತಿತು. ಆ ಬಾಗಿಲನ್ನು ನಿಮ್ಮ ಕೈಯಿಂದ ತೆರೆಯುವ ಆಸೆಗಾಗಿಯಾದರೂ ಈ ಸೀಸನ್ ಪೂರ್ತಿ ಆಡಬೇಕು.

ಅಕ್ಟೋಬರ್‌ನ ಪ್ಲೇಆಫ್ ಹಂತದಲ್ಲಿ ಒಂದು ಪಂದ್ಯವನ್ನೂ ಸಿಮ್ಯುಲೇಷನ್‌ಗೆ ಬಿಡಬೇಡಿ. ನಿಮ್ಮ ಅಮೆರಿಕನ್ ಲೀಗ್‌ನ ಮೊದಲ ಎರಡು ಸ್ಥಾನದ ಡಿವಿಷನ್ ವಿಜೇತರಿಗೆ ಮೊದಲ ಸುತ್ತಿನಿಂದ ವಿನಾಯಿತಿ ಇದೆ. ಉಳಿದವರು ಮೂರು ಪಂದ್ಯಗಳ ವೈಲ್ಡ್ ಕಾರ್ಡ್ ಸರಣಿ ಆಡಬೇಕು. ಹೀಗಾಗಿ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಸ್ಥಾನ ಗಟ್ಟಿಯಾದ ಕೂಡಲೇ ಪಿಚರ್‌ಗಳ ಸರದಿಯನ್ನು ಕೈಯಾರೆ ಬದಲಿಸಿ, ನಿಮ್ಮ ಮೊದಲ ಪಂದ್ಯದ ದಿನ ಅತ್ಯುತ್ತಮ ಸ್ಟಾರ್ಟರ್ ಪೂರ್ತಿ ವಿಶ್ರಾಂತಿ ಪಡೆದಿರುವಂತೆ ನೋಡಿಕೊಳ್ಳಿ. ಐದನೇ ಸ್ಟಾರ್ಟರ್‌ನನ್ನು ಬುಲ್‌ಪೆನ್‌ಗೆ ಕಳುಹಿಸಿ. ಸ್ಟಾರ್ಟರ್ ಪೂರ್ತಿ ಸೋಲುವವರೆಗೆ ಕಾಯದೆ, ಅವನು ಎರಡನೇ ಬ್ಯಾಟರ್‌ಗೆ ವಾಕ್ ಕೊಟ್ಟಾಗಲೇ ಬುಲ್‌ಪೆನ್‌ನಲ್ಲಿ ಒಬ್ಬ ಎಡಗೈ ಪಿಚರ್, ಒಬ್ಬ ಬಲಗೈ ಪಿಚರ್ ವಾರ್ಮ್‌ಅಪ್ ಶುರುಮಾಡಿರಲಿ.