ಕಿರೋವ್ ಕೊಲೆಯ ಕಡತದಲ್ಲಿ ಸ್ಟಾಲಿನ್‌ನ ಆದೇಶ ಇದೆಯೇ?

1934ರಲ್ಲಿ ಕೊಲೆಯಾದ ಲೆನಿನ್‌ಗ್ರಾದಿನ ಕಮ್ಯುನಿಸ್ಟ್ ನಾಯಕ ಸೆರ್ಗೇಯ್ ಕಿರೋವ್‌ನನ್ನು ಸ್ಟಾಲಿನ್ನೇ ಕೊಲ್ಲಿಸಿದನೆಂದು ಎಲ್ಲರೂ ಹೇಳುತ್ತಾರೆ, ಸೋವಿಯತ್ ರಹಸ್ಯ ಪೊಲೀಸರ ಕಡತಗಳಲ್ಲಿ ಅದಕ್ಕೆ ಸಾಕ್ಷಿ ಸಿಕ್ಕಿದೆಯೇ ಎಂದು ಕೇಳಿದ್ದೀರಿ. ಇಲ್ಲ, ಸಿಕ್ಕಿಲ್ಲ. ಇದುವರೆಗೆ ಹೊರಬಂದ ಕಾಗದಗಳಲ್ಲಿ ಅಂಥ ಆದೇಶವಿಲ್ಲ. ಆದರೆ ಇಷ್ಟು ಹೇಳಿ ಮುಗಿಸಿದರೆ ನಿಮಗೂ ತೃಪ್ತಿಯಿಲ್ಲ, ನನಗೂ ಇಲ್ಲ.

ನಾನು ಇತಿಹಾಸಕಾರನಲ್ಲ. ಒಂದು ಜಿಲ್ಲಾ ನ್ಯಾಯಾಲಯದ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಧೂಳು ಕುಡಿದು ನಿವೃತ್ತನಾದವನು. ರಷ್ಯನ್ ಬಾರದು. ಇಂಗ್ಲಿಷಿಗೆ ಬಂದಿರುವ ವಿಚಾರಣಾ ಹೇಳಿಕೆಗಳನ್ನೂ ಆಯೋಗಗಳ ವರದಿಗಳನ್ನೂ ಬಿಡುವಾದಾಗಲೆಲ್ಲ ಓದಿದ್ದೇನೆ. ಹುಡುಗನಾಗಿದ್ದಾಗ ನಮ್ಮ ಮನೆಗೆ ಸೋವಿಯತ್ ಲ್ಯಾಂಡ್ ಪತ್ರಿಕೆ ಕನ್ನಡದಲ್ಲೇ ಬರುತ್ತಿತ್ತು. ಅದರ ನುಣುಪು ಹಾಳೆಗಳೇ ನನ್ನ ಶಾಲೆಯ ಪುಸ್ತಕಗಳಿಗೆ ಹೊದಿಕೆ. ಗೋಧಿ ಹೊಲ, ಟ್ರ್ಯಾಕ್ಟರ್, ನಗುವ ಹುಡುಗಿಯರು. ಆ ದೇಶದ ಪೊಲೀಸ್ ಕಡತ ಹೇಗಿರಬಹುದೆಂಬ ಕುತೂಹಲಕ್ಕೆ ಅದೂ ಒಂದು ಕಾರಣವಿರಬೇಕು.

ಮೊದಲು ಘಟನೆ. ಡಿಸೆಂಬರ್ 1ರಂದು ಕಿರೋವ್ ಸ್ಮೋಲ್ನಿಯ ಪಕ್ಷದ ಕಚೇರಿಗೆ ಬರುವ ನಿರೀಕ್ಷೆಯೇ ಇರಲಿಲ್ಲ. ಬ್ರೆಡ್ಡಿನ ರೇಷನ್ ಪದ್ಧತಿಯನ್ನು ರದ್ದುಮಾಡುವ ತೀರ್ಮಾನ ಆಗಷ್ಟೇ ಮಾಸ್ಕೋದಲ್ಲಿ ಆಗಿತ್ತು. ಅದನ್ನು ಕಾರ್ಯಕರ್ತರಿಗೆ ವಿವರಿಸಲು ಅಂದು ಸಂಜೆ ತವ್ರೀಚೆಸ್ಕಿ ಅರಮನೆಯಲ್ಲಿ ಸಭೆ. ಮನೆಯಲ್ಲಿ ಕುಳಿತು ಭಾಷಣ ಬರೆಯುತ್ತಿದ್ದವನು ಮಧ್ಯಾಹ್ನ ಕಳೆದ ಮೇಲೆ ದಿಢೀರನೆ ಸ್ಮೋಲ್ನಿಗೆ ಹೊರಟ. ಲಿಯೊನಿದ್ ನಿಕೊಲಾಯೆವ್ ಎಂಬ ಮೂವತ್ತರ ಯುವಕ ಅದೇ ಸಂಜೆಯ ಸಭೆಗೆ ಪ್ರವೇಶಪತ್ರ ಗಿಟ್ಟಿಸಲು ಆ ಕಟ್ಟಡದಲ್ಲಿ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದ. ಪಕ್ಷದ ಸದಸ್ಯತ್ವದ ಚೀಟಿ ತೋರಿಸಿದರೆ ಮೂರನೆಯ ಮಹಡಿಯವರೆಗೂ ಬಿಡುತ್ತಿದ್ದ ಕಾಲ ಅದು. ಶೌಚಾಲಯದಿಂದ ಹೊರಬಂದವನಿಗೆ ಎದುರಿನಿಂದ ಕಿರೋವ್ ಬರುವುದು ಕಂಡಿತು. ಗೋಡೆಯತ್ತ ಮುಖ ತಿರುಗಿಸಿ ನಿಂತು, ಮುಂದೆ ಹೋಗಲು ಬಿಟ್ಟು, ಹಿಂಬಾಲಿಸಿದ. ಮೊಗಸಾಲೆ ಎಡಕ್ಕೆ ತಿರುಗುವ ಕಡೆ, ಸುಮಾರು ನಾಲ್ಕೂವರೆಗೆ, ಹಿಂದಿನಿಂದ ಕುತ್ತಿಗೆಗೆ ಒಂದೇ ಗುಂಡು. ಅಂಗರಕ್ಷಕ ಬೊರೀಸೊವ್ ಹಿಂದೆ ಉಳಿದುಬಿಟ್ಟಿದ್ದ. ಎರಡನೆಯ ಗುಂಡನ್ನು ನಿಕೊಲಾಯೆವ್ ತನಗೇ ಹೊಡೆದುಕೊಳ್ಳಲು ನೋಡಿದ. ಅದು ಗುರಿ ತಪ್ಪಿತು. ಸತ್ತವನ ಪಕ್ಕದಲ್ಲೇ ಪ್ರಜ್ಞೆ ತಪ್ಪಿ ಬಿದ್ದ.

ಸಂಚು ಎನ್ನುವವರಿಗೆ ನನ್ನ ಮೊದಲ ತಕರಾರು ಇಲ್ಲಿಯೇ. ಆ ಹೊತ್ತಿಗೆ ಅಲ್ಲಿಗೆ ಬರುತ್ತಾನೆಂದು ಯಾರಿಗೂ ಗೊತ್ತಿಲ್ಲದವನಿಗಾಗಿ ಸಂಚುಗಾರರು ಕೊಲೆಗಾರನನ್ನು ಆ ಮೊಗಸಾಲೆಯಲ್ಲಿ ಹೇಗೆ ನಿಲ್ಲಿಸಿಟ್ಟರು?

ಇನ್ನು ನಿಕೊಲಾಯೆವ್. ಅವನ ಕಾಗದಗಳನ್ನು ಓದುವಾಗ ನನಗೆ ಅಪರಿಚಿತನೊಬ್ಬನ ಕಡತ ಓದಿದಂತೆ ಅನಿಸಲೇ ಇಲ್ಲ. ಕುಳ್ಳ ಆಳು. ಬಾಲ್ಯದ ಕಾಯಿಲೆಯಿಂದ ವರ್ಷಗಟ್ಟಲೆ ನಡೆಯಲಾಗದೆ ಇದ್ದವನು. ಒಂದೆಡೆ ನೆಲೆ ನಿಲ್ಲದೆ ಕೆಲಸದಿಂದ ಕೆಲಸಕ್ಕೆ ಹಾರಿ, ಕೊನೆಗೆ ಪಕ್ಷದ ಇತಿಹಾಸ ಸಂಸ್ಥೆಯಲ್ಲಿ ಒಂದು ಹುದ್ದೆ ಸಿಕ್ಕಿತ್ತು. 1934ರ ವಸಂತದಲ್ಲಿ, ಬೇರೆ ಕಡೆಗೆ ಕಳಿಸಿದರೆ ಹೋಗಲಾರೆ ಎಂದದ್ದಕ್ಕೆ ಅದೂ ಹೋಯಿತು. ಪಕ್ಷದಿಂದ ಹೊರಹಾಕಿ, ಮೇಲ್ಮನವಿಯ ಮೇಲೆ ಛೀಮಾರಿ ಹಾಕಿ ಮತ್ತೆ ಸೇರಿಸಿಕೊಂಡರು. ಕೆಲಸ ಮಾತ್ರ ಕೊಡಲಿಲ್ಲ. ಮನೆಯಲ್ಲಿ ಹೆಂಡತಿ ಮಿಲ್ದಾ ದ್ರಾವುಲೆ, ಇಬ್ಬರು ಗಂಡುಮಕ್ಕಳು. ಒಬ್ಬನಿಗೆ ಮಾರ್ಕ್ಸ್ ಎಂದೇ ಹೆಸರು! ಕಿರೋವ್‌ನಿಗೆ ಅರ್ಜಿ ಬರೆದ, ಸ್ಟಾಲಿನ್‌ನಿಗೆ ಬರೆದ, ಕಂಡ ಕಂಡ ಸಮಿತಿಗಳಿಗೆಲ್ಲ ಬರೆದ. ತಿಂಗಳು ಕಳೆದಂತೆ ಡೈರಿಯ ದನಿ ಬದಲಾಗುತ್ತದೆ. ದೂರು ಹೇಳಿಕೊಳ್ಳುತ್ತಿದ್ದವನು, ತ್ಸಾರ್ ಎರಡನೆಯ ಅಲೆಕ್ಸಾಂಡರನ ಹತ್ಯೆಗಾಗಿ 1881ರಲ್ಲಿ ಗಲ್ಲಿಗೇರಿದ ಝೆಲ್ಯಾಬೊವ್‌ನ ಸಾಲಿನಲ್ಲಿ ತನ್ನನ್ನು ಇಟ್ಟುಕೊಳ್ಳತೊಡಗುತ್ತಾನೆ.

ಇಂಥ ಒಬ್ಬರು ನಮ್ಮಲ್ಲಿಗೂ ಬರುತ್ತಿದ್ದರು. ಪಾಲು ವಿಭಾಗದ ದಾವೆ, ಮೇಲ್ಮನವಿಯೂ ವಜಾ ಆಗಿ ಹನ್ನೊಂದು ವರ್ಷ. ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಸರಿಯಾಗಿ, ಸಕ್ಕರೆ ಚೀಲ ಹೊಲಿದು ಮಾಡಿದ ಕೈಚೀಲದಲ್ಲಿ ಅರ್ಜಿಗಳ ಕಟ್ಟು. ಎಲ್ಲ ಅರ್ಜಿಗಳ ಮೊದಲ ಸಾಲು ಒಂದೇ. ಪುಟದ ಆರಂಭದಲ್ಲಿ ಮುತ್ತು ಪೋಣಿಸಿದಂತಿದ್ದ ಅಕ್ಷರ ಕೆಳಗಿಳಿಯುತ್ತ ದಪ್ಪವಾಗಿ, ಕೊನೆಯ ಸಾಲಿಗೆ ಬರುವಾಗ ಪೆನ್ನಿನ ಮೊನೆ ಕಾಗದವನ್ನು ಹರಿದಿರುತ್ತಿತ್ತು. "ಸ್ವಾಮಿ, ಸಾಹೇಬರು ಒಂದು ಸಲ ಓದಿದರೆ ಸಾಕು" ಎನ್ನುತ್ತಿದ್ದರು. ನಾನು "ಆಗಲಿ ಯಜಮಾನರೇ, ಮುಂದಿನ ವಾರ ನೋಡೋಣ" ಎಂದು ಸ್ವೀಕೃತಿಯ ಮೊಹರು ಒತ್ತಿ ಕಳಿಸುತ್ತಿದ್ದೆ. ಆ ಪುಣ್ಯಾತ್ಮರು ಯಾರ ಮೇಲೂ ದನಿ ಕೂಡ ಎತ್ತಿದವರಲ್ಲ. ನಿಕೊಲಾಯೆವ್ ಬಳಿ ರಿವಾಲ್ವರ್ ಇತ್ತು, ಅದಕ್ಕೆ ಪರವಾನಗಿಯೂ ಇತ್ತು. ಹಾಗಾಗಿ, ಒಬ್ಬ ನಿರುದ್ಯೋಗಿ ತಾನಾಗಿಯೇ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕುತ್ತಾನೆಯೇ ಎಂದು ಯಾರಾದರೂ ಕೇಳಿದರೆ, ಹಾಕುತ್ತಾನೆ ಎಂದೇ ನನ್ನ ಉತ್ತರ.

ಹಾಗೆಂದು ಅನುಮಾನಗಳು ಪೊಳ್ಳಲ್ಲ. ಮೂರನ್ನು ಹೇಳುತ್ತೇನೆ.

ಅಕ್ಟೋಬರ್ 15ರಂದು ಕಿರೋವ್ ಮನೆಯ ಹತ್ತಿರ ಸುಳಿದಾಡುತ್ತಿದ್ದ ನಿಕೊಲಾಯೆವ್‌ನನ್ನು ಕಾವಲಿನವರು ಹಿಡಿದಿದ್ದರು, ಅಂದೇ ಬಿಟ್ಟರು. 1956ರ ಫೆಬ್ರವರಿ 25ರಂದು ಸ್ಟಾಲಿನ್ ನಂತರ ಪಕ್ಷದ ನಾಯಕನಾದ ಕ್ರುಶ್ಚೇವ್, ಸ್ಟಾಲಿನ್‌ನನ್ನು ಖಂಡಿಸಿದ ತನ್ನ ರಹಸ್ಯ ಭಾಷಣದಲ್ಲಿ, ಅವನನ್ನು ಶೋಧಿಸಲೂ ಇಲ್ಲವೆಂದು ಒತ್ತಿ ಹೇಳಿದ. ಕೇಳಲು ಭಯಂಕರವಾಗಿದೆ. ಆದರೆ ಪಕ್ಷದ ಚೀಟಿ ಇದ್ದವನು, ನಾಯಕನಿಗೆ ಕೆಲಸಕ್ಕಾಗಿ ಅರ್ಜಿ ಕೊಡಲು ಬಂದೆ ಎಂದರೆ, ಆ ದಿನಗಳಲ್ಲಿ ಅವನ ಜೇಬಿಗೆ ಕೈಹಾಕುವ ಪೇದೆ ಯಾರು?

ಎರಡನೆಯದು ಬೊರೀಸೊವ್. ಕೊಲೆಯ ಮರುದಿನ ಸ್ಟಾಲಿನ್ ರೈಲಿನಲ್ಲಿ ಬಂದಿಳಿದು ತಾನೇ ವಿಚಾರಣೆಗೆ ಕುಳಿತ. ಅಂಗರಕ್ಷಕನನ್ನು ಕರೆತರಲು ಕಾರು ಹೊಂದಿಸಲಾಗದೆ ಲಾರಿ ಹತ್ತಿಸಿದರು. ದಾರಿಯಲ್ಲಿ ಲಾರಿ ಗೋಡೆಗೆ ಬಡಿಯಿತು. ಸತ್ತದ್ದು ಬೊರೀಸೊವ್ ಒಬ್ಬನೇ, ಉಳಿದವರಿಗೆ ಏನೂ ಆಗಲಿಲ್ಲ. ಲಾರಿಯ ಸ್ಪ್ರಿಂಗ್ ಕೆಟ್ಟಿತ್ತೆಂದು ಮೊದಲು ದಾಖಲಾಯಿತು. ಪಕ್ಕದಲ್ಲಿದ್ದ ಪೊಲೀಸನೇ ಸ್ಟಿಯರಿಂಗ್ ಎಳೆದನೆಂದು ಚಾಲಕ ಎಷ್ಟೋ ವರ್ಷಗಳ ನಂತರ ಹೇಳಿದ. ಜೊತೆಯಲ್ಲಿದ್ದ ಪೊಲೀಸರನ್ನು 1937ರಲ್ಲಿ ಗುಂಡಿಕ್ಕಿ ಕೊಂದಿದ್ದರಿಂದ ಅವರನ್ನು ಕೇಳುವಂತಿಲ್ಲ. ಇದೊಂದು ನನ್ನನ್ನೂ ಕಾಡುತ್ತದೆ.

ಮೂರನೆಯದು ಒಂದು ಅಂಕಿ. ಹೆಂಡತಿ ಮಿಲ್ದಾಳ ಮೊದಲ ಹೇಳಿಕೆಯ ಮೇಲೆ ಬರೆದಿರುವ ಸಮಯ 16:45. ಅಂದರೆ ಗುಂಡು ಹಾರಿ ಹದಿನೈದು ನಿಮಿಷ. ಪ್ರಜ್ಞೆಯಿಲ್ಲದೆ ಬಿದ್ದವನ ಗುರುತು ಹಿಡಿದು, ಹೆಂಡತಿಯನ್ನು ಪತ್ತೆಹಚ್ಚಿ, ಪೊಲೀಸ್ ಕೇಂದ್ರಕ್ಕೆ ಕರೆತಂದು ಕೂರಿಸಲು ಅಷ್ಟೇ ಸಮಯವೇ? ಅವಳನ್ನು ಮೊದಲೇ ಕರೆತಂದಿದ್ದರು, ಪೊಲೀಸರಿಗೆ ಎಲ್ಲ ಗೊತ್ತಿತ್ತು ಎಂದು ಇದರ ಮೇಲೆ ದೊಡ್ಡ ದೊಡ್ಡ ಅರಮನೆಗಳನ್ನೇ ಕಟ್ಟಿದ್ದಾರೆ. ನಾನು ಓದಿದ ಮಹಜರುಗಳ ಸಮಯವನ್ನೆಲ್ಲ ನಂಬಿದ್ದರೆ, ನಮ್ಮ ಜಿಲ್ಲೆಯಲ್ಲಿ ಅರ್ಧದಷ್ಟು ಕೊಲೆಗಳಿಗೆ ದೂರು ಬರುವ ಮೊದಲೇ ಪಂಚರು ಸ್ಥಳಕ್ಕೆ ತಲುಪಿದ್ದರು. ಬರಹಗಾರ ಠಾಣೆಯ ಬೆಂಚಿನ ಮೇಲೆ ಕುಳಿತು, ಗಡಿಯಾರ ನೋಡದೆ, ನೆನಪಿನಿಂದ ತುಂಬಿದ ಅಂಕಿ ಅದು. ಒಂದು ಪ್ರಕರಣದಲ್ಲಂತೂ ಇಂಥ ಒಂದು ಅಂಕಿಯ ಮೇಲೆಯೇ ಆರೋಪಿ ಖುಲಾಸೆಯಾದ. ಅವನೇ ಕೊಂದಿದ್ದ ಎನ್ನುವುದು ಇಡೀ ಊರಿಗೆ ಗೊತ್ತಿತ್ತು.

ಈ ಸಂಚಿನ ಪಾತ್ರಧಾರಿ ಎಂದು ಹೆಚ್ಚಾಗಿ ಕೇಳಿಬರುವ ಹೆಸರು ಲೆನಿನ್‌ಗ್ರಾದ್ ರಹಸ್ಯ ಪೊಲೀಸಿನ ಉಪಮುಖ್ಯಸ್ಥ ಝಾಪೊರೋಝೆತ್ಸ್. ಕಾಲು ಮುರಿದುಕೊಂಡಿದ್ದ ಆತ ಆ ದಿನಗಳಲ್ಲಿ ರಜೆಯ ಮೇಲೆ ದೂರದ ದಕ್ಷಿಣದ ಕರಾವಳಿಯಲ್ಲಿದ್ದ. ಅದನ್ನು ಇಲ್ಲಿಗೇ ಬಿಡೋಣ.

ಮತಪತ್ರದ ಕಥೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. 1934ರ ಆರಂಭದ ಪಕ್ಷದ 17ನೆಯ ಮಹಾಧಿವೇಶನದಲ್ಲಿ ನೂರಾರು ಪ್ರತಿನಿಧಿಗಳು ಸ್ಟಾಲಿನ್ ವಿರುದ್ಧ ಮತ ಹಾಕಿದರು, ಆ ಜಾಗಕ್ಕೆ ಕಿರೋವ್ ಬರಲಿ ಎಂದರು, ಅದಕ್ಕಾಗಿ ಅವನು ಸತ್ತ ಎಂಬ ಕಥೆ. 1960ರ ಹೊತ್ತಿಗೆ ಪಕ್ಷದ ಆಯೋಗ ಆ ಪೆಟ್ಟಿಗೆ ತೆರೆಸಿತು. ಮತದ ಹಕ್ಕಿದ್ದವರು 1,225. ಸಿಕ್ಕ ಮತಪತ್ರಗಳು 1,059. ಅವುಗಳಲ್ಲಿ ಸ್ಟಾಲಿನ್ ವಿರುದ್ಧ ಬಿದ್ದವು 3. ಉಳಿದ 166 ಎಲ್ಲಿ ಹೋದವು? ಮತ ಹಾಕದೆ ಊಟಕ್ಕೆ ಹೋದವರೂ ಇರಬಹುದು, ಯಾರೋ ಹರಿದು ಒಲೆಗೆ ಹಾಕಿರಲೂಬಹುದು. ಆ ಆಯೋಗದಲ್ಲಿದ್ದ ಓಲ್ಗಾ ಶಾತುನೊವ್‌ಸ್ಕಾಯಾ, ಸ್ಟಾಲಿನ್ ಕಾಲದ ಶಿಬಿರಗಳಲ್ಲಿ ವರ್ಷಗಳನ್ನು ಕಳೆದು ಬಂದ ಹೆಣ್ಣುಮಗಳು, 64 ಸಂಪುಟಗಳಷ್ಟು ದಾಖಲೆ ಸಂಗ್ರಹವಾಗಿತ್ತೆಂದೂ ನಂತರ ಮುಖ್ಯ ಕಾಗದಗಳು ಮಾಯವಾದವೆಂದೂ ಕೊನೆಯವರೆಗೆ ಹೇಳುತ್ತಿದ್ದರು. ಆಕೆ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಕಡತದಿಂದ ಹಾಳೆ ಕಾಣೆಯಾಗುವುದು ಎಷ್ಟು ಸುಲಭ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಆದರೆ ಕಾಣೆಯಾದ ಹಾಳೆಯಲ್ಲಿ ನಮಗೆ ಬೇಕಾದದ್ದೇ ಬರೆದಿತ್ತು ಎಂದುಕೊಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಗೋರ್ಬಚೇವ್ ಕಾಲದಲ್ಲಿ ಆತನ ಆಪ್ತ ನಾಯಕ ಯಾಕೊವ್ಲೆವ್ ನೇತೃತ್ವದಲ್ಲಿ ಮತ್ತೊಮ್ಮೆ ಪರಿಶೀಲನೆ ನಡೆದು, ಕೊಲೆಗಾರ ಒಬ್ಬನೇ ಎಂದು ತಜ್ಞರು ಬರೆದರು. ಯಾಕೊವ್ಲೆವ್‌ಗೇ ಅದು ಒಪ್ಪಿಗೆಯಾಗಲಿಲ್ಲ.

ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ ಕಾಗದ ರಹಸ್ಯ ಕಡತದಲ್ಲೇ ಇಲ್ಲ. ಅದು ಆಗಲೇ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಕೊಲೆಯಾದ ಅದೇ ಸಂಜೆ ಸ್ಟಾಲಿನ್ ಸೂಚನೆಯಂತೆ ಒಂದು ಸುಗ್ರೀವಾಜ್ಞೆಗೆ ಸಹಿ ಬಿತ್ತು; ಪಕ್ಷದ ಅತ್ಯುನ್ನತ ಸಮಿತಿಯಾದ ಪಾಲಿಟ್‌ಬ್ಯೂರೊದ ಒಪ್ಪಿಗೆ ಬಂದದ್ದು ಎರಡು ದಿನದ ಮೇಲೆ. ಭಯೋತ್ಪಾದನೆಯ ಪ್ರಕರಣಗಳ ತನಿಖೆ ಹತ್ತು ದಿನದೊಳಗೆ ಮುಗಿಯಬೇಕು. ಆರೋಪಪಟ್ಟಿ ವಿಚಾರಣೆಗೆ ಒಂದು ದಿನ ಮೊದಲು ಆರೋಪಿಯ ಕೈಗೆ. ವಕೀಲರಿಲ್ಲ. ಮೇಲ್ಮನವಿ ಇಲ್ಲ, ಕ್ಷಮಾದಾನದ ಅರ್ಜಿ ಇಲ್ಲ. ಮರಣದಂಡನೆ ತೀರ್ಪಿನ ಬೆನ್ನಿಗೇ. ಒಂದು ಚೆಕ್ ಬೌನ್ಸ್ ಪ್ರಕರಣಕ್ಕೂ ಮೂರು ವರ್ಷ ವಾಯಿದೆ ಬರೆದುಕೊಂಡು ಕುಳಿತಿದ್ದ ನನ್ನಂಥವನು ಆ ಐದು ಸಾಲನ್ನು ನಾಲ್ಕು ಸಲ ಓದಿದೆ.

ಆಮೇಲೆ ಒಂದೇ ಹೆಣಕ್ಕೆ ಕೊಲೆಗಾರರು ಬದಲಾಗುತ್ತ ಹೋದರು. ಮೊದಲ ವಾರ, ಕ್ರಾಂತಿಯ ವಿರುದ್ಧ ಹೋರಾಡಿದ್ದ ಶ್ವೇತ ದಳದವರು ಎಂದರು. ಕಿರೋವ್ ಹೆಸರನ್ನೇ ಕೇಳಿರದ, ಮೊದಲೇ ಜೈಲಿನಲ್ಲಿದ್ದ ಹತ್ತಾರು ಮಂದಿಯನ್ನು ಕೊಂದರು. ಪಕ್ಷದೊಳಗಿನ ತನ್ನ ಹಳೆಯ ಎದುರಾಳಿ ಜಿನೋವಿಯೆವ್ ಕಡೆಯವರಲ್ಲಿ ಹುಡುಕಿ ಎಂದು ಸ್ಟಾಲಿನ್ ತಮಗೆ ಹೇಳಿದ್ದನ್ನು, ಅಷ್ಟು ಹೊತ್ತಿಗೆ ರಹಸ್ಯ ಪೊಲೀಸಿನ ಮುಖ್ಯಸ್ಥನಾಗಿದ್ದ ಯೆಝೋವ್ 1937ರ ಪಕ್ಷದ ಸಭೆಯಲ್ಲಿ ಹೆಮ್ಮೆಯಿಂದಲೇ ನೆನೆಸಿಕೊಂಡ. ಹಾಗೆ ಹುಡುಕಿದ್ದಕ್ಕೆ ಸಿಕ್ಕಿದರು. ಡಿಸೆಂಬರ್ 29ರ ಬೆಳಗಿನ ಜಾವ ನಿಕೊಲಾಯೆವ್ ಜೊತೆ ಇನ್ನೂ ಹದಿಮೂರು ಜನರಿಗೆ ಶಿಕ್ಷೆ ಓದಿ ಕೂಡಲೇ ಗುಂಡಿಕ್ಕಿದರು. 1936ರ ಆಗಸ್ಟಿನಲ್ಲಿ ಜಿನೋವಿಯೆವ್ ಮತ್ತು ಅವನ ಜೊತೆಗಾರ ಕಾಮೆನೆವ್ ಕೊಲೆಗಾರರಾದರು, ದೇಶಭ್ರಷ್ಟ ತ್ರೋತ್ಸ್‌ಕಿಯ ಹೆಸರೂ ಸೇರಿಸಿ. 1938ರಲ್ಲಿ, ಕೊಲೆಯಾದಾಗ ರಹಸ್ಯ ಪೊಲೀಸಿನ ಮುಖ್ಯಸ್ಥನಾಗಿದ್ದ ಯಾಗೊದಾನೇ ಕಟಕಟೆಯಲ್ಲಿ ನಿಂತು ತಾನೂ ಪಾಲುದಾರ ಎಂದ. 1937 ಮತ್ತು 1938ರ ಎರಡೇ ವರ್ಷಗಳಲ್ಲಿ ಪೊಲೀಸರ ಸ್ವಂತ ಲೆಕ್ಕದಂತೆ ಮರಣದಂಡನೆಯಾದವರು 6,81,692.

ಆದ್ದರಿಂದ ನನ್ನ ಅಭಿಪ್ರಾಯ ಕೇಳಿದರೆ, ಆ ಮೊಗಸಾಲೆಯ ಗುಂಡಿನ ಮಟ್ಟಿಗೆ ಸ್ಟಾಲಿನ್‌ಗೆ ಸಂಶಯದ ಲಾಭ ಕೊಡುತ್ತೇನೆ. ನಾನು ಆತನ ಪರ ವಕಾಲತ್ತು ಹಾಕುತ್ತಿದ್ದೇನೆಂದು ದಯವಿಟ್ಟು ಬರೆಯಬೇಡಿ. ಹಿಂದೊಮ್ಮೆ ಇದನ್ನೇ ಹೇಳಿದ್ದಕ್ಕೆ ಹಾಗೆ ಬೈಸಿಕೊಂಡಿದ್ದೇನೆ.

ಮಿಲ್ದಾಳನ್ನು 1935ರ ಮಾರ್ಚಿನಲ್ಲಿ ಅಕ್ಕ ತಂಗಿಯರಲ್ಲಿ ಒಬ್ಬಳ ಜೊತೆಗೆ ಗುಂಡಿಕ್ಕಿ ಕೊಂದರು. ಅವಳಿಗೂ ಕಿರೋವ್‌ನಿಗೂ ಸಂಬಂಧವಿತ್ತೆಂಬ ಗಾಳಿಮಾತು ಇಂದಿಗೂ ನಿಂತಿಲ್ಲ. ಹದಿಮೂರು ಜನರ ಮೇಲಿನ ತೀರ್ಪನ್ನು ಸೋವಿಯತ್ ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ರದ್ದುಮಾಡಿತು. ನಿಕೊಲಾಯೆವ್‌ನದನ್ನು ಹಾಗೆಯೇ ಉಳಿಸಿತು.

ಕೊನೆಗೆ ನನ್ನದೊಂದು ಕೋರಿಕೆ. ಮಿಲ್ದಾಳ ಆ ಮೊದಲ ಹೇಳಿಕೆಯ ಮೂಲ ಪುಟದ ಚಿತ್ರ ಎಲ್ಲಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಇಲ್ಲಿ ಹಾಕಿ. ಅಕ್ಷರ ಓದಲು ಬಾರದಿದ್ದರೂ, ಆ 16ರ ಆರನ್ನು ಯಾರಾದರೂ ತಿದ್ದಿದ್ದರೆ ನನಗೆ ಗೊತ್ತಾಗುತ್ತದೆ.