ಹೊಸ ಮಾಧ್ಯಮ ಬಂದಾಗ ಹಳೆಯದು ಸಾಯುತ್ತದೆಯೇ, ಬೆರೆಯುತ್ತದೆಯೇ?

ರೇಡಿಯೊ, ಟೇಪ್‌ರೆಕಾರ್ಡರುಗಳೆಲ್ಲ ಮೊಬೈಲಿನೊಳಗೆ ಸೇರಿಹೋದ ಮೇಲೆ ಕೇಳುಗರ ರೂಢಿ ಹೇಗೆ ಬದಲಾಯಿತು ಎಂದು ತಾವು ಕೇಳಿದ್ದೀರಿ. ಮಂಡ್ಯದ ಪೇಟೆ ಬೀದಿಯ ಹತ್ತಿರ ನಮ್ಮ ತಂದೆಯವರು ತೆರೆದ ರೇಡಿಯೊ ರಿಪೇರಿ ಅಂಗಡಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ಕುಳಿತಿರುವವನು ನಾನು. ಗಿರಾಕಿಗಳು ಬಂದು ಏನು ಕೇಳಿದರು ಎಂಬುದರಿಂದಲೇ ಉತ್ತರಿಸುತ್ತೇನೆ.

ಬೆರಕೆ ಮೊಬೈಲಿನಿಂದ ಆರಂಭವಾದದ್ದೇನೂ ಅಲ್ಲ. ತಂದೆಯವರ ಕಾಲದ ‘ಟೂ ಇನ್ ಒನ್’ ಪೆಟ್ಟಿಗೆಯಲ್ಲಿ ರೇಡಿಯೊ ಮತ್ತು ಕ್ಯಾಸೆಟ್ ಆಗಲೇ ಒಂದಾಗಿದ್ದವು. ಚಿತ್ರಗೀತೆಯ ಹೊತ್ತಿಗೆ ಖಾಲಿ ಕ್ಯಾಸೆಟ್ ಹಾಕಿ, ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದವರು, ಪ್ರಸಾರವಾಗಿ ಮುಗಿಯುವ ಹಾಡನ್ನು ಬೇಕೆಂದಾಗ ಕೇಳುವ ರುಚಿಯನ್ನು ಮೊದಲು ಕಂಡುಕೊಂಡರು.

ಆನಂತರ ಮೆಮೊರಿ ಕಾರ್ಡ್ ಬಂದಿತು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರು ಹಾಡು ತುಂಬಿಸಿಕೊಳ್ಳಲು ಸಾಲುಗಟ್ಟಿ ನಿಲ್ಲುತ್ತಿದ್ದರು. (ಅದು ಕಾನೂನಿಗೆ ಒಪ್ಪುವ ವ್ಯಾಪಾರವಾಗಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.) 4 ಜಿಬಿ ಕಾರ್ಡಿನಲ್ಲಿ ಸುಮಾರು 800 ಹಾಡು ಹಿಡಿಯುತ್ತಿದ್ದವು. ಕ್ಯಾಸೆಟ್ ಕೊಳ್ಳುವವರು ಚಿತ್ರದ ಹೆಸರು ಹೇಳಿ ಕೊಳ್ಳುತ್ತಿದ್ದರು. ಕಾರ್ಡ್ ತಂದವರು ಮಾತ್ರ “ಜಾನಪದ ಒಂದಷ್ಟು, ರಾಜ್‌ಕುಮಾರ್ ಅವರದು ಒಂದಷ್ಟು ಹಾಕಿ ಸಾರ್” ಎಂದು ಆಯ್ಕೆಯನ್ನು ನನಗೇ ಬಿಟ್ಟುಬಿಡುತ್ತಿದ್ದರು. ಈಗ ಯೂಟ್ಯೂಬ್ ಮುಂದಿನ ಹಾಡನ್ನು ತಾನೇ ತಂದಿಡುವುದನ್ನು ಕಂಡಾಗಲೆಲ್ಲ ನನ್ನ ಹಳೆಯ ಕೆಲಸ ನೆನಪಾಗುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಸಾಲು ಕೆಲವೇ ತಿಂಗಳಲ್ಲಿ ಕರಗಿತು. ಯೂಟ್ಯೂಬ್ ಅದಕ್ಕೂ ಎಷ್ಟೋ ವರ್ಷ ಮೊದಲೇ ಇದ್ದುದರಿಂದ, ರೂಢಿಯನ್ನು ತಿರುಗಿಸಿದ್ದರಲ್ಲಿ ತಂತ್ರಜ್ಞಾನಕ್ಕಿಂತ ಬೆಲೆಯ ಪಾಲೇ ಹೆಚ್ಚೆಂದು ನನ್ನ ಅಭಿಪ್ರಾಯ.

ರೇಡಿಯೊದ ಕಥೆ ಇನ್ನೂ ವಿಚಿತ್ರ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ಯ ಹೆಸರು ಇಂದು ಮೊಬೈಲ್ ಆ್ಯಪ್‌ನಲ್ಲಿಯೂ ಇದೆ. ಮೊಬೈಲಿನ ಎಫ್‌ಎಂಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ಆ ತಂತಿ ಚುಚ್ಚುವ ರಂಧ್ರವನ್ನೇ ಹಲವು ಹೊಸ ಫೋನುಗಳು ಕೈಬಿಟ್ಟಾಗ ಎಫ್‌ಎಂ ಕೂಡ ಅದರೊಂದಿಗೇ ಹೋಯಿತು. ಆ್ಯಪ್‌ನಲ್ಲಿ ಕೇಳಬಹುದಾದರೂ ಧ್ವನಿ ತುಸು ತಡವಾಗಿ ಬರುತ್ತದೆ. ಕ್ರಿಕೆಟ್ ವೀಕ್ಷಕ ವಿವರಣೆಯ ದಿನ ಪಕ್ಕದ ಟೀ ಅಂಗಡಿಯ ರೇಡಿಯೊದಲ್ಲಿ ವಿಕೆಟ್ ಬಿದ್ದು ಕೂಗೆದ್ದರೂ ನನ್ನ ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿಬರುತ್ತಿರುತ್ತಾನೆ.

ಈಗ ನನಗೆ ಸಿಗುವ ಕೆಲಸ ಬೇರೆ ಬಗೆಯದು. ಕಳೆದ ತಿಂಗಳು ಹಳ್ಳಿಯ ಹಿರಿಯರೊಬ್ಬರು ಬಿಡಿಭಾಗ ಸಿಗದೆ ಮೂಲೆ ಸೇರಿದ್ದ ಮರದ ಪೆಟ್ಟಿಗೆಯ ರೇಡಿಯೊ ತಂದರು. ಸ್ವಿಚ್ಚೊಂದನ್ನು ಬಿಟ್ಟು ಒಳಗಿನದನ್ನೆಲ್ಲ ತೆಗೆದು, ಬ್ಲೂಟೂತ್ ಮತ್ತು ಎಫ್‌ಎಂ ಎರಡೂ ಇರುವ ಅಂಗೈಯಗಲದ ಬೋರ್ಡ್ ಕೂರಿಸಿದೆ. ಮೊಮ್ಮಗ ಮೊಬೈಲಿನಿಂದ ಹಾಡು ಹಾಕಬೇಕು, ಬೆಳಿಗ್ಗೆ ತಮಗೆ ವಾರ್ತೆ ಬರಬೇಕು, ಇದು ಅವರ ಬೇಡಿಕೆ. ಜೊತೆಗೆ ಇನ್ನೊಂದು ಮಾತು ಹೇಳಿದರು: “ತಿರುಗಿಸಿದಾಗ ಟಕ್ ಅನ್ನಬೇಕಪ್ಪ, ಮೊದಲಿನ ಹಾಗೆ.” ಹಾಗಾಗಿ ಹಳೆಯ ಸ್ವಿಚ್ ತೆಗೆಯದೆ, ಹೊಸ ಬೋರ್ಡಿನ ಕರೆಂಟನ್ನು ಅದರ ಮೂಲಕವೇ ಹಾಯಿಸಿ ಕೊಟ್ಟೆ.